ಮರಿಯಾನ್ ಕಣ್ಣಿನ ಹನಿ

ಒಂದೇ ಚಿತ್ರ ಬೀದಿಯಲ್ಲೂ ಇದೆ, ಅರಮನೆಯಲ್ಲೂ ಇದೆ ಎಂದರೆ ಅದನ್ನು ಯಾರ ಚಿತ್ರ ಎಂದು ಕರೆಯಬೇಕು? ಕೆಲವು ತಿಂಗಳುಗಳಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಚಿತ್ರ ಅಮೆರಿಕದ ಬೀದಿ ಕಲಾವಿದ ಶೆಪರ್ಡ್ ಫೇರಿಯದು. ಪ್ಯಾರಿಸ್ ನಗರದ 13ನೇ ವಿಭಾಗದಲ್ಲಿ, ರೂ ನ್ಯಾಸಿಯೊನಾಲ್ ಎಂಬ ರಸ್ತೆಯ ಬಹುಮಹಡಿ ಕಟ್ಟಡವೊಂದರ ಪಕ್ಕದ ಗೋಡೆಯನ್ನು ತುಂಬಿಕೊಂಡು ಅದು ನಿಂತಿದೆ. ಫ್ರೆಂಚ್ ಗಣರಾಜ್ಯದ ಸಂಕೇತವಾದ ಮರಿಯಾನ್ ಎಂಬ ಹೆಣ್ಣಿನ ಮುಖ, ಸುತ್ತ ಅಲಂಕಾರದ ಬಳ್ಳಿ, ಕೆಂಪು ನೀಲಿ ಬಿಳಿ ಬಣ್ಣ, ಜೊತೆಗೆ ಮೂರು ಪದ: ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ. 2015ರ ನವೆಂಬರ್ 13ರಂದು ಪ್ಯಾರಿಸ್ಸಿನಲ್ಲಿ ನಡೆದ ಭಯೋತ್ಪಾದಕ ದಾಳಿಗಳಲ್ಲಿ 130 ಜನ ಸತ್ತರು. ಆ ದುಃಖದ ನೆರಳಿನಲ್ಲಿ ಮೂಡಿದ ಈ ಚಿತ್ರವನ್ನು 2016ರಲ್ಲಿ ಗೋಡೆಗೆ ಬಳಿಯಲಾಯಿತು. ಮುಂದಿನ ವರ್ಷದ ಅಕ್ಟೋಬರಿನಲ್ಲಿ ಅಧ್ಯಕ್ಷ ಎಮ್ಯಾನುಯೆಲ್ ಮ್ಯಾಕ್ರಾನ್ ಎಲಿಸೇ ಅರಮನೆಯ ತಮ್ಮ ಕಚೇರಿಯಿಂದ ಟೀವಿ ಸಂದರ್ಶನ ಕೊಟ್ಟಾಗ ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಇದೇ ಚಿತ್ರದ ಇನ್ನೊಂದು ರೂಪ ತೂಗುತ್ತಿತ್ತು.

ನಾನು ಪ್ಯಾರಿಸ್ಸಿಗೆ ಹೋದವನಲ್ಲ. ಹಾಸ್ಟೆಲ್ ಕೋಣೆಯ ಮಂಚದ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ಕಂಡ ಫೋಟೊಗಳು ಮತ್ತು ವಿಡಿಯೋಗಳೇ ನನ್ನ ಪಾಲಿನ ಮರಿಯಾನ್. ಆ ಗೋಡೆಯ ಎತ್ತರಕ್ಕೆ ಕುತ್ತಿಗೆ ಎತ್ತಿ ನೋಡಿದವರಿಗೆ ಆಗುವ ಅನುಭವ ನನಗಿಲ್ಲ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೆ ಫೇರಿಯ ಕಲೆ ಹುಟ್ಟಿದ್ದೇ ನಕಲುಗಳಿಂದ. 1989ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಕುಸ್ತಿಪಟು ಆಂದ್ರೆ ದ ಜೈಂಟ್‌ನ ಮುಖವನ್ನು ಸಣ್ಣ ಸ್ಟಿಕರ್ ಮಾಡಿ ಕಂಬಕಂಬಕ್ಕೆ ಅಂಟಿಸಿದವನು ಅವನು. ಆಮೇಲೆ ಅದೇ ಮುಖದ ಕೆಳಗೆ 'ಒಬೇ', ಅಂದರೆ 'ವಿಧೇಯನಾಗಿರು' ಎಂಬ ಪದ ಬಂತು. ಹೇಳಿದ್ದನ್ನು ಕೇಳು ಎನ್ನುವ ಜಗತ್ತನ್ನು ಅಣಕಿಸುವ ಪದ. ಮುಂದೆ ಅದೇ ಹೆಸರಿನಲ್ಲಿ ಬಟ್ಟೆಯ ಕಂಪನಿಯೂ ಬಂತು. ಅಣಕ ಎಲ್ಲಿ ಮುಗಿಯಿತು, ವ್ಯಾಪಾರ ಎಲ್ಲಿ ಶುರುವಾಯಿತು ಎಂದು ಕೇಳುವವರು ಅಂದಿನಿಂದಲೂ ಇದ್ದಾರೆ.

ಫೇರಿಯನ್ನು ಜಗತ್ತು ಗುರುತಿಸುವುದು 2008ರ 'ಹೋಪ್' ಪೋಸ್ಟರಿನಿಂದ. ಬರಾಕ್ ಒಬಾಮಾ ಮುಖ ಕೆಂಪು, ನೀಲಿ, ತಿಳಿಹಳದಿಗಳಲ್ಲಿ ಮೂಡಿದ್ದ ಆ ಪೋಸ್ಟರನ್ನು ನಮ್ಮೂರಿನ ಟೀ ಷರ್ಟುಗಳ ಮೇಲೂ ಕಂಡಿದ್ದೇವೆ. ಅದಕ್ಕೆ ಇನ್ನೊಂದು ರೂಪವಿದೆ ಎನ್ನುವುದು ಅಷ್ಟು ಜನಕ್ಕೆ ಗೊತ್ತಿರಲಿಕ್ಕಿಲ್ಲ. ವಾಷಿಂಗ್ಟನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿರುವುದು ಮುದ್ರಿತ ಪೋಸ್ಟರ್ ಅಲ್ಲ. ಕೊಲಾಜ್, ಸ್ಟೆನ್ಸಿಲ್, ಅಕ್ರಿಲಿಕ್ ಬಣ್ಣಗಳನ್ನು ಸೇರಿಸಿ ದಪ್ಪ ಕಾಗದದ ಮೇಲೆ ಕೈಯಿಂದ ಮಾಡಿದ ಮಿಶ್ರ ಮಾಧ್ಯಮದ ಕೃತಿ. ಮೊದಲು ಹಳೆಯ ಪತ್ರಿಕೆಗಳ ತುಂಡು, ವಿನ್ಯಾಸ ಮುದ್ರಿಸಿದ ಕಾಗದಗಳನ್ನು ಅಂಟಿಸಿ ನೆಲ ಸಿದ್ಧಮಾಡಿಕೊಳ್ಳುವುದು, ಅದರ ಮೇಲೆ ಕತ್ತರಿಸಿದ ಸ್ಟೆನ್ಸಿಲ್ ಇಟ್ಟು ಬಣ್ಣ ಹಾಯಿಸುವುದು: ಇದು ಅವನ ರೀತಿ. ದೂರದಿಂದ ಮುಖ ಕಾಣುತ್ತದೆ. ಹತ್ತಿರ ಹೋದರೆ ಮುಖದ ಅಡಿಯಲ್ಲಿ ಅಚ್ಚಿನ ಅಕ್ಷರಗಳು ಇಣುಕುತ್ತವೆ.

ಈ ಎರಡು ರೂಪಗಳ ನಡುವಿನ ವ್ಯತ್ಯಾಸ ಬರಿಯ ತಂತ್ರದ್ದಲ್ಲ. ಪೋಸ್ಟರಿನಲ್ಲಿ ಬಣ್ಣ ನುಣ್ಣಗೆ, ಚಪ್ಪಟೆಯಾಗಿ ಕೂತಿರುತ್ತದೆ. ಅಲ್ಲಿ ಭರವಸೆ ಎಂಬ ಪದ ಒಂದು ಘೋಷಣೆ. ಕೊಲಾಜಿನಲ್ಲಿ ಅದೇ ಪದ ನಿನ್ನೆ ಮೊನ್ನೆಯ ಸುದ್ದಿಯ ಮೇಲೆ ನಿಂತಿದೆ. ಅರ್ಧ ಮುಚ್ಚಿಹೋದ, ಅರ್ಧ ಓದಲಿಕ್ಕೆ ಸಿಗುವ ಯಾವುದೋ ವರದಿಯ ಮೇಲೆ ಈ ದೊಡ್ಡ ಪದವನ್ನು ಬಳಿದಿದ್ದಾರೆ ಎನ್ನುವುದು ನೋಡುವವರಿಗೆ ಕಾಣುತ್ತಿರುತ್ತದೆ. ಆದರ್ಶಗಳು ಖಾಲಿ ಹಾಳೆಯ ಮೇಲೆ ಹುಟ್ಟುವುದಿಲ್ಲ. ಈ ಮಾತನ್ನು ಚಿತ್ರ ಬಾಯಿಬಿಟ್ಟು ಹೇಳದೆ ತನ್ನ ಮೈಯಲ್ಲೇ ಇಟ್ಟುಕೊಂಡಿದೆ. ಒಬಾಮಾ ತನ್ನ ನಿರೀಕ್ಷೆಯ ಮಟ್ಟಕ್ಕೆ ಬರಲಿಲ್ಲ ಎಂದು ಫೇರಿಯೇ 2015ರ ಸಂದರ್ಶನವೊಂದರಲ್ಲಿ ಹೇಳಿಕೊಂಡ. ಅದಾದ ಮೇಲೆ ಪೋಸ್ಟರ್ ಹಳತಾಗಿ ಕಾಣುತ್ತದೆ. ಕೊಲಾಜ್ ಹಾಗೆ ಕಾಣುವುದಿಲ್ಲ. ಸುದ್ದಿ ಹಳತಾಗುತ್ತದೆಂದು ಅದಕ್ಕೆ ಮೊದಲೇ ಗೊತ್ತಿತ್ತು.

ಈಗ ಅನುಮತಿಯ ಮಾತು. 'ಹೋಪ್' ಕೊಲಾಜ್ ಗ್ಯಾಲರಿಯ ಗೋಡೆಗೆ ಬಂದದ್ದು 2009ರ ಜನವರಿಯಲ್ಲಿ. ಮುಂದಿನ ತಿಂಗಳು ಬಾಸ್ಟನ್ನಿನಲ್ಲಿ ತನ್ನದೇ ಪ್ರದರ್ಶನದ ಉದ್ಘಾಟನೆಯ ಕಾರ್ಯಕ್ರಮಕ್ಕೆ ಹೊರಟಿದ್ದ ಫೇರಿಯನ್ನು ಗೋಡೆ ಕೆಡಿಸಿದ ಆರೋಪದ ಮೇಲೆ ಪೊಲೀಸರು ಬಂಧಿಸಿದರು. ಕೈ ಅದೇ, ಅಂಟೂ ಅದೇ. ಒಂದು ಗೋಡೆಯಲ್ಲಿ ರಾಷ್ಟ್ರದ ಸಂಪತ್ತು, ಇನ್ನೊಂದು ಗೋಡೆಯಲ್ಲಿ ಅಪರಾಧ. ಪ್ರಭುತ್ವಕ್ಕೆ ಬೀದಿಯ ಕಲೆಯ ಮೇಲೆ ದ್ವೇಷವಿದೆ ಎಂದು ಸುಮ್ಮನೆ ಹೇಳಿಬಿಟ್ಟರೆ ಅರ್ಧ ಸತ್ಯವಾಗುತ್ತದೆ. ಅದಕ್ಕೆ ಬೀದಿಯ ಕಲೆ ಬೇಕು. ಎಲ್ಲಿ, ಯಾವಾಗ ಎಂದು ತಾನೇ ನಿರ್ಧರಿಸಬೇಕು, ಅಷ್ಟೆ.

ಇದು ಹಳೆಯ ಕಥೆ. ಮರಿಯಾನ್‌ಗೆ ಹಿರಿಯಕ್ಕನಂತಿರುವ ಚಿತ್ರವೊಂದಿದೆ: ಯೂಜೀನ್ ದೆಲಕ್ರುವಾ 1830ರ ಜುಲೈ ಕ್ರಾಂತಿಯ ಬಗ್ಗೆ ಬರೆದ, ಜನರನ್ನು ಮುನ್ನಡೆಸುತ್ತಿರುವ ಸ್ವಾತಂತ್ರ್ಯದೇವಿಯ ತೈಲಚಿತ್ರ. ಬರಿಗಾಲು, ಬಿಚ್ಚಿದ ಎದೆ, ಒಂದು ಕೈಯಲ್ಲಿ ಬಾವುಟ, ಇನ್ನೊಂದರಲ್ಲಿ ಬಂದೂಕು, ಕಾಲ ಬಳಿ ಹೆಣಗಳು. ಆ ಕ್ರಾಂತಿಯಿಂದಲೇ ಅಧಿಕಾರಕ್ಕೆ ಬಂದ ಲೂಯಿ ಫಿಲಿಪ್‌ನ ಸರ್ಕಾರ 1831ರಲ್ಲಿ ಆ ಚಿತ್ರವನ್ನು 3,000 ಫ್ರಾಂಕ್ ಕೊಟ್ಟು ಕೊಂಡುಕೊಂಡಿತು. ಸ್ವಲ್ಪ ಕಾಲವಾದ ಮೇಲೆ ಇದು ಜನರನ್ನು ಕೆರಳಿಸೀತು ಎಂಬ ಅಳುಕಿನಿಂದ ಕಣ್ಮರೆ ಮಾಡಿತು. ಲೂವ್ರ್ ಮ್ಯೂಸಿಯಮ್ಮಿಗೆ ಅದು ಸೇರಿದ್ದು 1874ರಲ್ಲಿ. ಕೊಂಡುಕೊಳ್ಳುವುದೂ ಒಂದು ಬಗೆಯ ಮುಚ್ಚಿಡುವಿಕೆಯೇ ಎಂದು ಈ ಇತಿಹಾಸ ಓದಿದಾಗ ಅನ್ನಿಸುತ್ತದೆ.

ದೆಲಕ್ರುವಾನ ಹೆಣ್ಣಿನ ಪಕ್ಕ ಇಟ್ಟು ನೋಡಿದರೆ ಫೇರಿಯ ಮರಿಯಾನ್ ಬಲು ಸಭ್ಯಳು. ಆಕೆಗೆ ಬಂದೂಕಿಲ್ಲ, ಕಾಲ ಕೆಳಗೆ ಹೆಣಗಳಿಲ್ಲ. ಇರುವುದು ಬರಿ ಮುಖ. ಚಿತ್ರದ ಎರಡು ಪಕ್ಕಗಳು ಎಷ್ಟು ತೂಗಿಸಿದಂತಿವೆ ಎಂದರೆ ನಾಣ್ಯದ ಮೇಲೆ ಅಚ್ಚು ಹಾಕಿದರೂ ಒಪ್ಪುತ್ತದೆ. 13ನೇ ವಿಭಾಗದ ಆಡಳಿತವೂ ಒಂದು ಖಾಸಗಿ ಗ್ಯಾಲರಿಯೂ ಕೂಡಿ ಆ ಪ್ರದೇಶದ ಎತ್ತರದ ಕಟ್ಟಡಗಳನ್ನು ಬಯಲು ಮ್ಯೂಸಿಯಂ ಮಾಡಿವೆ; ಇದು ಅಂಥ ಅನುಮತಿ ಪಡೆದ ಗೋಡೆಗಳಲ್ಲಿ ಒಂದು. ದುಃಖದಲ್ಲಿದ್ದ ನಗರಕ್ಕೆ ಅದು ಸಾಂತ್ವನ ಹೇಳಿತು, ಅದನ್ನು ನಾನು ಹಗುರ ಮಾಡುತ್ತಿಲ್ಲ. ಆದರೆ 'ಹೋಪ್' ಕೊಲಾಜಿನ ಅಡಿಯಲ್ಲಿದ್ದ ಸುದ್ದಿಯ ಕಾಗದ ಈ ದೊಡ್ಡ ಗೋಡೆಯಲ್ಲಿ ಇಲ್ಲ. ಆ ಮೂರು ಪದಗಳು ಯಾರಿಗೆ ಸಿಕ್ಕಿವೆ, ಯಾರಿಗೆ ಸಿಕ್ಕಿಲ್ಲ ಎಂದು ಇಣುಕಿ ಓದಲಿಕ್ಕೆ ಪದರವೇ ಇಲ್ಲ. ಬೀದಿ ಕಲೆಯ ಬಣ್ಣ, ಗೆರೆ, ಗಾತ್ರ ಎಲ್ಲವೂ ಇದ್ದವು; ಬೀದಿ ಇರಲಿಲ್ಲ. ಹಾಗಾಗಿಯೇ ಅಧ್ಯಕ್ಷರ ಕಚೇರಿಯಲ್ಲಿ ಅದಕ್ಕೆ ಜಾಗ ಸುಲಭವಾಗಿ ಸಿಕ್ಕಿತು ಎಂದು ನನ್ನ ಅನಿಸಿಕೆ.

ಆ ಪದರ ಬಂದದ್ದು 2020ರ ಡಿಸೆಂಬರಿನಲ್ಲಿ, ಬೇರೆಯವರ ಕೈಯಿಂದ. ಕರ್ತವ್ಯದಲ್ಲಿರುವ ಪೊಲೀಸರ ಚಿತ್ರ ಪ್ರಕಟಿಸುವುದಕ್ಕೆ ಕಡಿವಾಣ ಹಾಕುವ ಮಸೂದೆಯೊಂದರ ವಿರುದ್ಧ ಫ್ರಾನ್ಸಿನ ಬೀದಿಗಳಲ್ಲಿ ಆಗ ಪ್ರತಿಭಟನೆ ನಡೆದಿತ್ತು. ನವೆಂಬರಿನಲ್ಲಿ ಪ್ಯಾರಿಸ್ಸಿನ ಗಣರಾಜ್ಯ ಚೌಕದಲ್ಲಿ ವಲಸಿಗರು ಹಾಕಿಕೊಂಡಿದ್ದ ಟೆಂಟುಗಳನ್ನು ಪೊಲೀಸರು ಬಲವಂತವಾಗಿ ಕಿತ್ತುಹಾಕಿದ್ದರು. ಆ ಚೌಕದ ನಡುವೆ ನಿಂತಿರುವುದೂ ಮರಿಯಾನ್‌ಳ ಪ್ರತಿಮೆಯೇ. ಇಂಥ ಹೊತ್ತಿನಲ್ಲಿ ಮುಖ ಮುಚ್ಚಿಕೊಂಡ ಅನಾಮಿಕರು ರೂ ನ್ಯಾಸಿಯೊನಾಲ್‌ನ ಗೋಡೆಗೆ ಹೋದರು. ಮೂರು ಪದಗಳ ಮೇಲೆ ಬಿಳಿ ಬಣ್ಣ ಎಳೆದರು. ಮರಿಯಾನ್‌ಳ ಕಣ್ಣಿನಿಂದ ಕೆಂಪು ಕಣ್ಣೀರು ಇಳಿಸಿದರು. 'ಮರಿಯಾನ್ ಅಳುತ್ತಿದ್ದಾಳೆ' ಎಂಬರ್ಥದ ಹ್ಯಾಷ್‌ಟ್ಯಾಗ್ ಬರೆದರು. ಅದರ ವಿಡಿಯೋವನ್ನೂ ಹರಿಯಬಿಟ್ಟರು.

ಚಿತ್ರ ಕೆಟ್ಟಿತು ಎಂದವರಿದ್ದರು. ಕಲಾವಿದ ಮಾತ್ರ ಹಾಗೆ ಸಿಡಿಯಲಿಲ್ಲ. ಅನ್ಯಾಯದ ವಿರುದ್ಧದ ಅವರ ಸಿಟ್ಟಿನ ಬಗ್ಗೆ ಸಹಾನುಭೂತಿ ತೋರಿದ. ಕೆಲವೇ ವಾರಗಳಲ್ಲಿ ಗೋಡೆಯನ್ನು ಸರಿಪಡಿಸಲಾಯಿತು. ಆದರೆ ಮೊದಲಿದ್ದ ಹಾಗೆಯೇ ಅಲ್ಲ: ಮರಿಯಾನ್ ಕಣ್ಣ ಕೆಳಗೆ ಒಂದು ಹನಿ ಉಳಿಯಿತು. ಈ ಹನಿಯನ್ನು ಎರಡು ಬಗೆಯಲ್ಲಿ ಓದಬಹುದು. ಅನಾಮಿಕರ ಕೆಂಪು ಧಾರೆಯನ್ನು ಒರೆಸಿ, ಅದನ್ನೊಂದು ಚೆಂದದ ಹನಿಯಾಗಿ ಪಳಗಿಸಿದರು ಎನ್ನಬಹುದು. ಅಳಿಸಿದ ಬಿಳಿ ಗೀಟುಗಳು ವಾಪಸು ಬರಲಿಲ್ಲವಲ್ಲ! ಅಥವಾ, ತನ್ನ ಚಿತ್ರದಲ್ಲಿ ಇಲ್ಲದ್ದನ್ನು ಬೇರೆಯವರು ತೋರಿಸಿಕೊಟ್ಟಾಗ ಕಲಾವಿದ ಅದನ್ನು ಒಪ್ಪಿಕೊಂಡ ಎನ್ನಬಹುದು. ಮೊದಲನೆಯ ಓದಿನಲ್ಲಿ ಸತ್ಯವಿದೆ. ಆದರೂ ನಾನು ಎರಡನೆಯದರ ಕಡೆಗೆ ವಾಲುತ್ತೇನೆ. ಅದಕ್ಕೆ ಕಾರಣ ಪ್ಯಾರಿಸ್ಸಿನಲ್ಲಿಲ್ಲ, ನನ್ನ ವಿಶ್ವವಿದ್ಯಾಲಯದ ಕಾಂಪೌಂಡಿನಲ್ಲಿದೆ.

ಅಲ್ಲಿಗೆ ಹೋಗುವ ಮುಂಚೆ ಆ ಮೂರು ಪದಗಳ ಬಗ್ಗೆ ಒಂದು ಮಾತು. ಅವು ನಮ್ಮ ಸಂವಿಧಾನದ ಪೀಠಿಕೆಯಲ್ಲೂ ಇವೆ, ಅಲ್ಲಿ ನ್ಯಾಯ ಎಂಬುದು ಅವಕ್ಕಿಂತ ಮೊದಲು ಬರುತ್ತದೆ. ತನ್ನ ಜೀವನದರ್ಶನವನ್ನು ಈ ಮೂರೇ ಪದಗಳಲ್ಲಿ ಹೇಳಬಹುದು, ಆದರೆ ಅವನ್ನು ಫ್ರೆಂಚ್ ಕ್ರಾಂತಿಯಿಂದ ಎರವಲು ಪಡೆದಿಲ್ಲ, ಬುದ್ಧನಿಂದ ಪಡೆದೆ ಎಂದು ಬಾಬಾಸಾಹೇಬ್ ಅಂಬೇಡ್ಕರ್ 1954ರ ಆಕಾಶವಾಣಿ ಭಾಷಣದಲ್ಲಿ ಸ್ಪಷ್ಟಪಡಿಸಿದ್ದರು. ಮೂರರಲ್ಲಿ ಒಂದನ್ನು ಬಿಟ್ಟು ಇನ್ನೊಂದು ಉಳಿಯದು ಎಂದು ಸಂವಿಧಾನ ಸಭೆಯ ಕೊನೆಯ ದಿನಗಳಲ್ಲೇ ಎಚ್ಚರಿಸಿದ್ದರು. ಇನ್ನು ಮೂರನೆಯ ಪದ. ಫ್ರೆಂಚಿನಲ್ಲೂ ಅದರ ಬೇರು ಅಣ್ಣತಮ್ಮ, ನಮ್ಮ 'ಭ್ರಾತೃತ್ವ'ದ ಬೇರೂ ಅಣ್ಣತಮ್ಮ. ಹೆಣ್ಣಿನ ಮುಖ ಬರೆದು ಅದರ ಕೆಳಗೆ ಅಣ್ಣತಮ್ಮಂದಿರ ಪದ ಬರೆಯುವ ಈ ವಿಚಿತ್ರವನ್ನು ನಾನು ಮೊದಲು ಗಮನಿಸಿಯೇ ಇರಲಿಲ್ಲ. ಗಮನಿಸುವಂತೆ ಮಾಡಿದ್ದು ಇದ್ದಿಲಲ್ಲಿ ಬರೆದ ಒಂದು ಸಾಲು.

ಎರಡು ವರ್ಷದ ಹಿಂದೆ ನಮ್ಮ ಫೆಲೋಶಿಪ್ ಏಳು ತಿಂಗಳಿಂದ ಬಂದಿರಲಿಲ್ಲ. ಮೆಸ್ ಬಾಕಿ ಬೆಳೆದಿತ್ತು. ನಾವು ಐದಾರು ಜನ ಸಂಶೋಧನಾ ವಿದ್ಯಾರ್ಥಿಗಳು ಲೈಬ್ರರಿಯ ಹಳೆ ಪತ್ರಿಕೆಗಳನ್ನು ರದ್ದಿಯವನಿಗಿಂತ ಮೊದಲು ಹೊತ್ತು ತಂದೆವು. ಬಕೆಟ್ಟಿನಲ್ಲಿ ಮೈದಾ ಅಂಟು ಕಾಯಿಸಿ, ಬಸ್ ಸ್ಟಾಪಿನ ಎದುರಿನ ಕಾಂಪೌಂಡಿಗೆ ಅಂಟಿಸಿದೆವು. ಹಳೇ ಎಕ್ಸ್‌ರೇ ಹಾಳೆಗಳನ್ನು ಬ್ಲೇಡಿನಲ್ಲಿ ಕೊರೆದು ಸ್ಟೆನ್ಸಿಲ್ ಮಾಡಿ, ಪತ್ರಿಕೆಗಳ ಮೇಲೆ ಪೀಠಿಕೆಯ ಮೂರು ಪದ ಹೊಡೆದೆವು. ಪ್ರತಿ ಪದದ ಕೆಳಗೆ ಫೆಲೋಶಿಪ್ ಬಾರದ ತಿಂಗಳುಗಳ ಹೆಸರು. ಫೇರಿಯ ಹೆಸರು ನನಗಾಗ ಗೊತ್ತಿತ್ತು, ಉಳಿದವರಿಗೆ ಗೊತ್ತಿರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಮೂರನೇ ದಿನಕ್ಕೆ ಸುಣ್ಣ ಬಳಿದರು.

ಆರು ತಿಂಗಳ ನಂತರ ಹೊರಗಿನಿಂದ ಪರಿಶೀಲನಾ ಸಮಿತಿ ಬರುವುದಿತ್ತು. ಆಡಳಿತ ಕಚೇರಿಯಿಂದ ನನಗೆ ಕರೆ ಬಂತು. "ಅದೇ ಗೋಡೆಗೆ ಅದೇ ಪದಗಳನ್ನು ನೀಟಾಗಿ ಬರೀರಿ, ಬಣ್ಣ ನಾವು ಕೊಡ್ತೀವಿ. ತಿಂಗಳು ಗಿಂಗಳು ಬೇಡ" ಎಂದರು. ಅಷ್ಟರಲ್ಲಿ ಬಾಕಿಯ ಒಂದು ಕಂತು ಬಂದಿತ್ತು. ನಾನು ಒಪ್ಪಿದೆ. ಒಪ್ಪಿದ್ದಷ್ಟೇ ಅಲ್ಲ, ಸಂತೋಷದಿಂದ ಬರೆದೆ. ನಾಲ್ಕು ದಿನ ಏಣಿಯ ಮೇಲೆ ನಿಂತು, ಹೆಣ್ಣಿನ ಮುಖ, ಸುತ್ತ ಹೊಂಗೆ ಹೂವಿನ ಬಳ್ಳಿ, ಮೂರು ಪದ. ಹುಡುಗರು ಸೆಲ್ಫಿ ತೆಗೆದುಕೊಂಡರು. ಐದನೇ ದಿನ ಬೆಳಿಗ್ಗೆ 'ಭ್ರಾತೃತ್ವ'ದ ಕೆಳಗೆ ಯಾರೋ ಇದ್ದಿಲಿನಿಂದ ಬರೆದಿದ್ದರು: "ತಂಗಿಯರು ಎಂಟೂವರೆಗೇ ಒಳಗೆ."

ನಮ್ಮ ಲೇಡೀಸ್ ಹಾಸ್ಟೆಲಿನ ಗೇಟು ರಾತ್ರಿ ಎಂಟೂವರೆಗೆ ಮುಚ್ಚುತ್ತಿತ್ತು. ಲೈಬ್ರರಿ ಇರುತ್ತಿದ್ದದ್ದು ಹತ್ತರವರೆಗೆ. ನಮ್ಮ ಹಾಸ್ಟೆಲಿಗೆ ಗೇಟೇ ಇರಲಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಆದರೂ ಆ ಸಾಲು ಓದಿದಾಗ ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ನಾಲ್ಕು ದಿನದ ಕೆಲಸ ಹಾಳು ಮಾಡಿದರಲ್ಲ ಎಂಬ ಸಿಟ್ಟು. ಕಚೇರಿಯವರು ಹೇಳುವ ಮೊದಲೇ ನಾನೇ ಉಳಿದ ಬಿಳಿ ಡಿಸ್ಟೆಂಪರಿನ ಡಬ್ಬಿ ತಂದು ಆ ಸಾಲಿನ ಮೇಲೆ ಎರಡು ಕೋಟು ಎಳೆದೆ. ಆರು ತಿಂಗಳ ಹಿಂದೆ ನಮ್ಮ ಪತ್ರಿಕೆಗಳ ಮೇಲೆ ಸುಣ್ಣ ಬಳಿದವರನ್ನು ನಾನು ಏನೇನು ಬೈದಿದ್ದೆನೋ ಅವೆಲ್ಲ ಆ ಕುಂಚ ಹಿಡಿದ ಕೈಗೂ ಅನ್ವಯಿಸುತ್ತಿದ್ದವು. ಆ ಹೊತ್ತಿನಲ್ಲಿ ನನಗದು ಹೊಳೆಯಲಿಲ್ಲ. ಮರಿಯಾನ್ ಕಣ್ಣಿನ ಹನಿಯ ಕಥೆ ಓದುವಾಗ ಹೊಳೆಯಿತು. ದೂರದ ಕಲಾವಿದನೊಬ್ಬ ಒಪ್ಪಿಕೊಂಡದ್ದನ್ನು ನಾನು ಅಳಿಸಿದ್ದೆ.

ಆದ್ದರಿಂದ ಫೇರಿಯನ್ನು ಅವನ ಬಟ್ಟೆ ಕಂಪನಿಗಾಗಿ, ಅರಮನೆಯ ಗೋಡೆಗಾಗಿ ತೆಗೆದುಹಾಕುವ ವಿಮರ್ಶೆಯನ್ನು ನಾನು ಬರೆಯಲಾರೆ. ಅವನನ್ನು ಹೊಗಳಿ ಮುಗಿಸುವುದೂ ಆಗದು. ಹನಿಯನ್ನು ಕಂಡವರು ಅವನಲ್ಲ, ಅನಾಮಿಕರು. ಸ್ವಾತಂತ್ರ್ಯವನ್ನು ಕೊಂಡಾಡುವ ಚಿತ್ರಗಳ ಬಗ್ಗೆ ನನಗೆ ಈಗ ಇರುವುದು ಒಂದು ಸಣ್ಣ ಪ್ರಶ್ನೆ: ಈ ಚಿತ್ರದ ಮೇಲೆ ಇನ್ನೊಬ್ಬರು ಬರೆದರೆ ಏನಾಗುತ್ತದೆ? ಬರೆದದ್ದು ಚಿತ್ರಕ್ಕೆ ಕಲೆಯಾಗಿ ಅಂಟುತ್ತದೋ, ಇನ್ನೊಂದು ಪದರವಾಗಿ ಸೇರುತ್ತದೋ? ಅನುಮತಿ ಪಡೆದ ಗೋಡೆಯೋ ಪಡೆಯದ ಗೋಡೆಯೋ ಎನ್ನುವುದಕ್ಕಿಂತ ಇದು ನನಗೆ ಮುಖ್ಯವಾಗಿ ತೋರುತ್ತದೆ.

ನನ್ನ ಸಂಶೋಧನೆಯ ವಿಷಯ ಕರ್ನಾಟಕದ ಚಳವಳಿಗಳ ಗೋಡೆಬರಹ ಮತ್ತು ಫಲಕಗಳು. 1980ರ ದಶಕದಲ್ಲಿ ರೈತ ಸಂಘದವರು ಊರಬಾಗಿಲಿಗೆ ಹಾಕುತ್ತಿದ್ದ ಫಲಕಗಳು ನನಗೆ ಬಲು ಇಷ್ಟ. ಸರ್ಕಾರದ ಅಧಿಕಾರಿಗಳು ಸಂಘದ ಅನುಮತಿಯಿಲ್ಲದೆ ಊರೊಳಗೆ ಬರಕೂಡದು ಎಂಬುದು ಅವುಗಳ ಸಾರ. ಗೋಡೆಗೆ ಅನುಮತಿ ಕೇಳುತ್ತಿದ್ದವರೇ ಅನುಮತಿ ಕೊಡುವವರಾಗಿ ನಿಂತ ಗಳಿಗೆ ಅದು. ಅದರಲ್ಲಿ ಬಣ್ಣದ ಬೆಡಗಿಲ್ಲ, ಹೆಣ್ಣಿನ ಮುಖವಿಲ್ಲ. ಆದರೆ ಆ ಊರಿನೊಳಗೆ ಯಾರಿಗೆ ಯಾರ ಅನುಮತಿ ಬೇಕಿತ್ತು ಎಂಬ ಇನ್ನೊಂದು ಪದರವನ್ನು ಆ ಫಲಕಗಳ ಮೇಲೂ ಓದಬೇಕು ಎಂದು ನನಗೆ ಕಲಿಸಿದ್ದು ಆ ಇದ್ದಿಲಿನ ಸಾಲೇ. ಅಧ್ಯಾಯದ ಕರಡು ಓದಿದ ನನ್ನ ಗೈಡ್ ಮೇಡಂ, "ಏನಪ್ಪಾ, ಚಿತ್ರದ ಬಗ್ಗೆ ಬರೀತಿದೀಯೋ, ನಿನ್ನ ಬಗ್ಗೆ ಬರೀತಿದೀಯೋ?" ಎಂದು ಕೇಳಿದರು. ಎರಡೂ ಎಂದೆ. "ಹಾಗಾದ್ರೆ ಆ ಸಾಲು ಬರೆದವಳನ್ನೂ ಬರಿ" ಎಂದರು.

ಅವಳು ಯಾರೆಂದು ನಾನು ಹುಡುಕಲಿಲ್ಲ. ಹುಡುಕುವುದು ಸರಿಯೂ ಅಲ್ಲ. ಗೇಟಿನ ಸಮಯ ಕಳೆದ ವರ್ಷ ಒಂಬತ್ತೂವರೆಗೆ ಬಂತು. ಅದು ಹುಡುಗಿಯರು ಕೂತು ಹೋರಾಡಿ ಪಡೆದದ್ದು, ನನ್ನ ಚಿತ್ರದಿಂದಲ್ಲ. ಲೈಬ್ರರಿ ಮುಚ್ಚುವುದು ಈಗಲೂ ಹತ್ತಕ್ಕೆ. ಮೊನ್ನೆ ಬಸ್ಸಿಗೆ ಕಾಯುತ್ತಾ ಆ ಗೋಡೆ ನೋಡಿದೆ. ಎರಡು ಮಳೆಗಾಲ ಕಳೆದಿವೆ. ನಾನು ಬರೆದ ಮುಖದ ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಿದೆ. ಬಿಳಿಯ ಅಡಿಯಿಂದ ಇದ್ದಿಲು ಮಬ್ಬಾಗಿ ಹೊರಗೆ ಬರುತ್ತಿದೆ, 'ಒಳಗೆ' ಎಂಬ ಪದ ಓದಲಿಕ್ಕೆ ಬರುತ್ತದೆ. ಈ ಸಲ ಅದಕ್ಕೆ ಕೈ ಹಚ್ಚಲಿಲ್ಲ.